ಟಿ.ವಿ. ಹಗುರಾಯಿತು, ಗೋಡೆಯೂ ಹಗುರಾಯಿತು

ಇಪ್ಪತ್ತು ವರ್ಷಗಳ ಹಿಂದಿನವರೆಗೂ ನಡುಮನೆಯ ಷೋಕೇಸಿನ ನಡುವಿನ ದೊಡ್ಡ ಖಾನೆ ಟಿ.ವಿ.ಗೆಂದೇ ಮೀಸಲಾಗಿರುತ್ತಿತ್ತು. 29 ಅಂಗುಲದ ಕೊಳವೆ ಪರದೆಯ ಆ ಪೆಟ್ಟಿಗೆ 40 ಕಿಲೋಗ್ರಾಂ ಆಸುಪಾಸು ತೂಗುತ್ತಿತ್ತು; ಅದನ್ನು ಗೋಡೆಗೆ ತೂಗುಹಾಕುವ ಆಲೋಚನೆ ಯಾರಿಗೂ ಬರುವಂತಿರಲಿಲ್ಲ. ಅನಂತರ ಬಂದ ಪ್ಲಾಸ್ಮಾ ಪರದೆಗಳು ಚಪ್ಪಟೆಯಾಗಿದ್ದರೂ ಭಾರವಾಗಿಯೇ ಇದ್ದವು. 2014ರ ಹೊತ್ತಿಗೆ ದೊಡ್ಡ ಕಂಪೆನಿಗಳು ಅವುಗಳ ತಯಾರಿಕೆಯನ್ನು ಕೈಬಿಟ್ಟವು. ಇಂದು 43 ಅಂಗುಲದ ಎಲ್‌ಇಡಿ ಟಿ.ವಿ. 10 ಕಿಲೋಗ್ರಾಂ ಆಸುಪಾಸಿನಲ್ಲಿದೆ. 55 ಅಂಗುಲದ್ದು ಸುಮಾರು 15 ಕಿಲೋಗ್ರಾಂ. ಇಷ್ಟು ಹಗುರವಾದ ವಸ್ತುವನ್ನು ಗೋಡೆಗೆ ಹಾಕುವುದರಲ್ಲಿ ಏನು ಮಹಾ ಎಂದು ಅನ್ನಿಸುವುದು ಸಹಜ.

ಆದರೆ ಇದೇ ಅವಧಿಯಲ್ಲಿ ಇನ್ನೊಂದು ವಸ್ತುವೂ ಸದ್ದಿಲ್ಲದೆ ಹಗುರಾಗಿದೆ. ಅದು ನಮ್ಮ ಮನೆಯ ಗೋಡೆ. ಒಂಬತ್ತು ಅಂಗುಲದ ಸುಟ್ಟ ಇಟ್ಟಿಗೆಯ ಗೋಡೆ ಇದ್ದ ಕಡೆ ಈಗ ನಾಲ್ಕು ಅಂಗುಲದ ಸಿಮೆಂಟ್ ಬ್ಲಾಕಿನ ಗೋಡೆ, ಟೊಳ್ಳು ಬ್ಲಾಕಿನ ಗೋಡೆ ಅಥವಾ ನೀರಿನಲ್ಲಿ ತೇಲಬಲ್ಲಷ್ಟು ಹಗುರವಾದ ಎಎಸಿ ಬ್ಲಾಕಿನ ಗೋಡೆ ನಿಂತಿದೆ. ಸುಣ್ಣ ಬಣ್ಣ ಬಳಿದ ಮೇಲೆ ಇವೆಲ್ಲವೂ ಒಂದೇ ರೀತಿ ಕಾಣುತ್ತವೆ. ಟಿ.ವಿ.ಯನ್ನು ಹೊರುವುದು ಅದರ ಹಿಂದಿನ ಕಬ್ಬಿಣದ ಚೌಕಟ್ಟು ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಹೊರುವುದು ಆ ಚೌಕಟ್ಟಿನ ನಾಲ್ಕು ಮೊಳೆಗಳನ್ನು ಕಚ್ಚಿ ಹಿಡಿದಿರುವ, ಕಣ್ಣಿಗೆ ಕಾಣದ ಎರಡು ಅಂಗುಲದಷ್ಟು ಗೋಡೆ.

ಟಿ.ವಿ. ಮನೆಗೆ ಬಂದ ಒಂದೆರಡು ದಿನದಲ್ಲಿ ಕಂಪೆನಿಯ ಅಥವಾ ಅಂಗಡಿಯ ತಂತ್ರಜ್ಞ ಬರುತ್ತಾನೆ. ಅವನ ಚೀಲದಲ್ಲಿ ಒಂದು ಡ್ರಿಲ್ ಯಂತ್ರ, ಒಂದೇ ಅಳತೆಯ ಪ್ಲಾಸ್ಟಿಕ್ ಪ್ಲಗ್‌ಗಳು, ಅದಕ್ಕೆ ತಕ್ಕ ಸ್ಕ್ರೂಗಳು ಇರುತ್ತವೆ. ದಿನಕ್ಕೆ ಹಲವು ಮನೆ ಮುಗಿಸಬೇಕಾದ ಅವನು ‘ಎಲ್ಲಿ ಹಾಕಬೇಕು ಸಾರ್?’ ಎಂದು ಕೇಳುತ್ತಾನೆಯೇ ಹೊರತು ‘ಇದು ಯಾವ ಗೋಡೆ?’ ಎಂದು ಕೇಳುವುದು ಅಪರೂಪ. ಅವನನ್ನು ದೂರುವುದರಲ್ಲಿ ಅರ್ಥವಿಲ್ಲ. ಆ ಪ್ರಶ್ನೆಗೆ ಉತ್ತರ ಮನೆಯವರಿಗೂ ಸಾಮಾನ್ಯವಾಗಿ ಗೊತ್ತಿರುವುದಿಲ್ಲ.

ಗೋಡೆಯ ಗುರುತು ಹಿಡಿಯುವ ಬಗೆ

ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವುದು ಹಳೆಯ ಕ್ರಮ. ಟೊಳ್ಳು ಸದ್ದು ಬಂದರೆ ಜಿಪ್ಸಂ ಹಲಗೆಯ ತಡಿಕೆಯೋ, ಗೋಡೆಯಿಂದ ಬಿಟ್ಟುಕೊಂಡ ಗಿಲಾವೋ ಇರಬಹುದು ಎಂಬಷ್ಟು ಮಾತ್ರ ಇದರಿಂದ ತಿಳಿಯುತ್ತದೆ. ಹೆಚ್ಚು ನಂಬಲರ್ಹವಾದದ್ದು ಡ್ರಿಲ್ ಮಾಡುವಾಗ ಉದುರುವ ಪುಡಿಯ ಬಣ್ಣ. ಟಿ.ವಿ.ಯ ಹಿಂದೆ ಮರೆಯಾಗುವ ಜಾಗದಲ್ಲಿ 5 ಅಥವಾ 6 ಮಿಲಿಮೀಟರ್ ಬಿಟ್‌ನಿಂದ ಒಂದು ಪರೀಕ್ಷಾ ರಂಧ್ರ ಕೊರೆದು, ಕೆಳಗೆ ಬಿಳಿ ಕಾಗದ ಹಿಡಿದರೆ ಗೋಡೆ ತನ್ನ ಜಾತಕವನ್ನು ತಾನೇ ಹೇಳುತ್ತದೆ.

ಮೊದಲ 12ರಿಂದ 15 ಮಿಲಿಮೀಟರ್‌ವರೆಗೆ ಬರುವ ಪುಡಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ಅದು ಗಿಲಾವಿನದು. ಸಿಮೆಂಟ್ ಗಿಲಾವಾದರೆ ಬೂದು, ಈಚಿನ ಮನೆಗಳ ಜಿಪ್ಸಂ ಗಿಲಾವಾದರೆ ಬಿಳಿ. ಅದನ್ನು ದಾಟಿದ ಮೇಲೆ ಕೆಂಪು ಪುಡಿ ಬಂದರೆ ಸುಟ್ಟ ಇಟ್ಟಿಗೆ. ಬೂದು ಪುಡಿ ಬಂದು, ಯಂತ್ರ ಒಂದೇ ಹದದಲ್ಲಿ ಒಳಹೋದರೆ ಘನ ಸಿಮೆಂಟ್ ಬ್ಲಾಕು. ಬೂದು ಪುಡಿ ಬರುತ್ತಾ ಒಂದು ಅಂಗುಲದ ನಂತರ ಬಿಟ್ ಥಟ್ಟನೆ ಒಳಕ್ಕೆ ನುಗ್ಗಿದರೆ ಅದು ಟೊಳ್ಳು ಬ್ಲಾಕು. ಯಂತ್ರ ಅರಚಿಕೊಂಡರೂ ಬಿಟ್ ಮುಂದೆ ಹೋಗದಿದ್ದರೆ ಅದು ಕಾಂಕ್ರೀಟು: ಕಂಬ, ತೊಲೆ ಅಥವಾ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಇಡೀ ಗೋಡೆ. ಅಕ್ಕಿಹಿಟ್ಟಿನಂತಹ ನುಣುಪಾದ ಬಿಳಿ ಅಥವಾ ತಿಳಿಬೂದು ಪುಡಿ ಯಾವ ಶ್ರಮವೂ ಇಲ್ಲದೆ ಉದುರತೊಡಗಿದರೆ ಅದು ಎಎಸಿ. ಜಿಪ್ಸಂ ಗಿಲಾವಿನ ಬಿಳಿಯನ್ನೂ ಎಎಸಿಯ ಬಿಳಿಯನ್ನೂ ಗೊಂದಲ ಮಾಡಿಕೊಳ್ಳುವುದು ಸುಲಭ. ಆದ್ದರಿಂದ ಎರಡು ಅಂಗುಲದವರೆಗೂ ಕೊರೆದೇ ತೀರ್ಮಾನಕ್ಕೆ ಬರಬೇಕು.

ಅಪಾರ್ಟ್‌ಮೆಂಟಿನವರಿಗೆ ಇನ್ನೂ ಸುಲಭದ ದಾರಿಯಿದೆ. ಮನೆ ಮಾರುವಾಗ ಬಿಲ್ಡರ್ ಕೊಟ್ಟ ನಿರ್ಮಾಣ ವಿವರಗಳ ಪತ್ರದಲ್ಲಿ ಗೋಡೆ ಯಾವುದರದು ಎಂದು ಬರೆದಿರುತ್ತದೆ. ನೆಲದ ಟೈಲ್ಸ್ ಯಾವ ಕಂಪೆನಿಯದು ಎಂದು ಓದುವ ಆಸಕ್ತಿಯಲ್ಲಿ ಹತ್ತರಲ್ಲೊಂದು ಪಾಲನ್ನು ಆ ಸಾಲಿಗೂ ಕೊಟ್ಟರೆ ಸಾಕು.

ಇಟ್ಟಿಗೆ, ಕಲ್ಲು, ಕಾಂಕ್ರೀಟು

ಸುಟ್ಟ ಇಟ್ಟಿಗೆಯ ಗೋಡೆ ಈ ಕೆಲಸಕ್ಕೆ ಬಲು ಸಹಕಾರಿ. 8 ಮಿಲಿಮೀಟರ್ ರಂಧ್ರ, ಗಿಲಾವನ್ನು ದಾಟಿ ಇಟ್ಟಿಗೆಯೊಳಗೆ ಕನಿಷ್ಠ 50 ಮಿಲಿಮೀಟರ್ ಇಳಿಯುವ ನೈಲಾನ್ ಪ್ಲಗ್ಗು, ಅದಕ್ಕೆ ತಕ್ಕ ಉದ್ದದ ಸ್ಕ್ರೂ ಇದ್ದರೆ ಮನೆಬಳಕೆಯ ಟಿ.ವಿ.ಗೆ ಏನೂ ತೊಂದರೆಯಿಲ್ಲ. ರಂಧ್ರ ಇಟ್ಟಿಗೆಯ ಮೈಯಲ್ಲಿ ಬೀಳಬೇಕು, ಎರಡು ಇಟ್ಟಿಗೆಗಳ ನಡುವಿನ ಗಾರೆಯಲ್ಲಿ ಬೀಳಬಾರದು. ಕೊರೆಯುವಾಗ ಕೆಂಪು ಪುಡಿ ನಿಂತು ಬೂದು ಪುಡಿ ಬರತೊಡಗಿದರೆ ಸಂದಿಗೆ ಬಿದ್ದಿದೆ ಎಂದರ್ಥ. ಬ್ರಾಕೆಟ್ಟಿನಲ್ಲಿ ನಾಲ್ಕಾರು ರಂಧ್ರಗಳಿರುವುದು ಇಂತಹ ಸಂದರ್ಭದಲ್ಲಿ ಬೇರೊಂದನ್ನು ಆರಿಸಿಕೊಳ್ಳಲೆಂದೇ.

ಇಲ್ಲಿ ಬಳಸುವ ಆ ಚಿಕ್ಕ ಪ್ಲಗ್ಗಿಗೂ ಒಂದು ಚರಿತ್ರೆಯಿದೆ. ಗೋಡೆಯಲ್ಲಿ ತೂತು ಕೊರೆದು ಮರದ ಬೆಣೆ ಬಡಿದು ಅದಕ್ಕೆ ಮೊಳೆ ಹೊಡೆಯುತ್ತಿದ್ದ ಕಾಲದಲ್ಲಿ, ಇಂಗ್ಲೆಂಡಿನ ಜಾನ್ ರಾಲಿಂಗ್ಸ್ 1910ರ ದಶಕದ ಆರಂಭದಲ್ಲಿ ನಾರಿನ ಪ್ಲಗ್ಗನ್ನು ರೂಪಿಸಿದ. ನಮ್ಮ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಇಂದಿಗೂ ಉಳಿದಿರುವ ‘ರಾವಲ್ ಪ್ಲಗ್’ ಎಂಬ ಹೆಸರು ಅವನದೇ. ಒಳಗೆ ಸ್ಕ್ರೂ ತಿರುಗಿದಂತೆ ಹಿಗ್ಗಿ ಗೋಡೆಯನ್ನು ಒತ್ತುವ ಇಂದಿನ ನೈಲಾನ್ ಪ್ಲಗ್ಗನ್ನು ಜರ್ಮನಿಯ ಆರ್ಟುರ್ ಫಿಷರ್ 1958ರಲ್ಲಿ ತಯಾರಿಸಿದ. ಇದರ ತತ್ತ್ವ ಒಂದೇ: ಹಿಗ್ಗುವ ಪ್ಲಗ್ಗಿಗೆ ಎದುರೊತ್ತಡ ಕೊಡುವ ಗಟ್ಟಿ ವಸ್ತು ಸುತ್ತಲೂ ಇರಬೇಕು. ಈ ಮಾತನ್ನು ನೆನಪಿಟ್ಟರೆ ಮುಂದಿನದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಘನ ಸಿಮೆಂಟ್ ಬ್ಲಾಕಿನ ಗೋಡೆಗೂ ಇದೇ ಕ್ರಮ ಸಲ್ಲುತ್ತದೆ. ಆದರೆ ಬೆಂಗಳೂರಿನ ಮನೆಗಳಲ್ಲಿ ಕೋಣೆಗಳ ನಡುವಿನ ಗೋಡೆ ನಾಲ್ಕು ಅಂಗುಲದ ಬ್ಲಾಕಿನದಾಗಿರುವುದು ಸಾಮಾನ್ಯ. ಉದ್ದನೆಯ ಬಿಟ್ ಹಿಡಿದು ಬಲವಾಗಿ ಒತ್ತಿದರೆ ಆಚೆ ಬದಿಯ ಗಿಲಾವು ಚಕ್ಕೆಯೇಳುತ್ತದೆ. ಆಚೆ ಇರುವುದು ಅಡುಗೆಮನೆಯ ಟೈಲ್ಸ್ ಆಗಿದ್ದರೆ ನಷ್ಟ ಟಿ.ವಿ. ಅಳವಡಿಕೆಯ ಖರ್ಚನ್ನು ಮೀರಬಹುದು. ಬಿಟ್‌ಗೆ ಬೇಕಾದ ಆಳದಲ್ಲಿ ಒಂದು ತುಂಡು ಟೇಪ್ ಸುತ್ತಿಕೊಂಡರೆ ಈ ಅನಾಹುತ ತಪ್ಪುತ್ತದೆ.

ಕಾಂಕ್ರೀಟ್ ಗೋಡೆ ಎಲ್ಲಕ್ಕಿಂತ ಬಲವಾದದ್ದು, ಕೊರೆಯುವವನಿಗೆ ಮಾತ್ರ ಶತ್ರು. ಅದಕ್ಕೆ ಬಡಿಯುತ್ತಾ ತಿರುಗುವ ರೋಟರಿ ಹ್ಯಾಮರ್ ಯಂತ್ರವೇ ಬೇಕು. ಕಬ್ಬಿಣದ ಸರಳು ತಾಗಿದರೆ ಅದನ್ನು ಕೊರೆಯಲು ಹಠ ಮಾಡದೆ ರಂಧ್ರವನ್ನು ಒಂದೆರಡು ಅಂಗುಲ ಪಕ್ಕಕ್ಕೆ ಸರಿಸುವುದು ಮೇಲು. ಆ ಸರಳು ಮಹಡಿಯನ್ನು ಹೊತ್ತಿದೆ.

ಕರಾವಳಿ ಮತ್ತು ಮಲೆನಾಡಿನ ಓದುಗರ ಪ್ರಶ್ನೆ ಬೇರೆಯದು. ಮಂಗಳೂರು, ಉಡುಪಿಗಳ ಕೆಂಪುಕಲ್ಲು, ಉತ್ತರ ಕನ್ನಡದವರ ಚಿರೆಕಲ್ಲು, ಸಾಗರ–ತೀರ್ಥಹಳ್ಳಿ ಕಡೆಯ ಜಂಬಿಟ್ಟಿಗೆ ಎಲ್ಲವೂ ಒಂದೇ. ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಾಡಿ 1807ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರಿಟ್ಟ. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ್ದು. ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿಗೊಡ್ಡಿದಂತೆ ಗಡುಸಾಗುವ ಈ ಕಲ್ಲಿನ ಮೈತುಂಬ ಪೊಟರೆಗಳು, ಪೊಟರೆಗಳಲ್ಲಿ ಜೇಡಿ. ಡ್ರಿಲ್ ಬಿಟ್ ಮೆತ್ತನೆಯ ಕಡೆಗೆ ಜಾರಿ ರಂಧ್ರ ಅಗಲವಾಗುತ್ತದೆ, ಪ್ಲಗ್ ಸಡಿಲವಾಗುತ್ತದೆ. ಚಿಕ್ಕ ಬಿಟ್‌ನಿಂದ ದಾರಿ ಮಾಡಿಕೊಂಡು ಅನಂತರ ದೊಡ್ಡದನ್ನು ಬಳಸಬೇಕು. 10 ಮಿಲಿಮೀಟರ್ ದಪ್ಪದ, ಮೂರು ಅಂಗುಲ ಉದ್ದದ ಪ್ಲಗ್ ಹಾಕಬೇಕು. ಅದೂ ಹಿಡಿಯದಿದ್ದರೆ ಕೆಮಿಕಲ್ ಆಂಕರ್ ಎಂಬ ರಾಳದ ಅಂಟನ್ನು ರಂಧ್ರಕ್ಕೆ ತುಂಬಿ ಬೋಲ್ಟನ್ನು ನೆಟ್ಟು, ತಯಾರಕರು ಹೇಳಿದಷ್ಟು ಹೊತ್ತು ಒಣಗಲು ಬಿಟ್ಟು ಆಮೇಲೆ ಬಿಗಿಯಬೇಕು.

ಬಯಲುಸೀಮೆಯ ಹಳೆಯ ಮಣ್ಣಿನ ಗೋಡೆಗಳು, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ–ಮಲ್ಲೇಶ್ವರಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿರುವ ಸುಣ್ಣದ ಗಾರೆಯ ಗೋಡೆಗಳು ನೋಡಲು ಒಂದೂವರೆ ಅಡಿ ದಪ್ಪವಿರುತ್ತವೆ. ದಪ್ಪ ಕಂಡು ಮೋಸಹೋಗಬಾರದು. ಮಣ್ಣಿನ ಗೋಡೆಗೆ ಮೇಲಿನಿಂದ ಬರುವ ಭಾರವನ್ನು ತಾಳುವ ಶಕ್ತಿಯಿದೆ, ಮೊಳೆಯನ್ನು ಕಚ್ಚಿ ಹಿಡಿಯುವ ಶಕ್ತಿಯಿಲ್ಲ. ಅಂತಹ ಮನೆಯಲ್ಲಿ ನೆಲದ ಮೇಲೆ ನಿಲ್ಲುವ ಕಬ್ಬಿಣದ ಸ್ಟ್ಯಾಂಡೇ ಸರಿ.

ಟೊಳ್ಳು ಬ್ಲಾಕು ಮತ್ತು ಎಎಸಿ

ತೊಂದರೆ ಹೆಚ್ಚಾಗಿ ಇರುವುದು ಈ ಎರಡು ಗೋಡೆಗಳಲ್ಲಿ.

ಟೊಳ್ಳು ಬ್ಲಾಕಿನ ಹೊರಕವಚ ಸುಮಾರು 25ರಿಂದ 35 ಮಿಲಿಮೀಟರ್ ದಪ್ಪ, ಅದರ ಹಿಂದೆ ಬರೀ ಗಾಳಿ. ಹಿಗ್ಗುವ ಪ್ಲಗ್ಗಿನ ಅರ್ಧ ಭಾಗ ಟೊಳ್ಳಿನಲ್ಲಿ ತೂಗಾಡುತ್ತದೆ. ಅದಕ್ಕೆ ಎದುರೊತ್ತಡವೇ ಇಲ್ಲ. ಕಬ್ಬಿಣದ ಆಂಕರ್ ಬೋಲ್ಟ್ ಹಾಕಿ ‘ಗಟ್ಟಿ ಮಾಡುತ್ತೇನೆ’ ಎಂದು ಸ್ಪ್ಯಾನರ್‌ನಿಂದ ಬಿಗಿಯುತ್ತಾ ಹೋದರೆ ಕವಚವೇ ಒಡೆದು ಅಂಗೈಯಗಲದ ತುಂಡು ಈಚೆ ಬರುತ್ತದೆ. ಇಲ್ಲಿ ಬೇಕಾದದ್ದು ಟೊಳ್ಳಿನೊಳಗೆ ಹೋಗಿ ರೆಕ್ಕೆ ಬಿಚ್ಚಿಕೊಂಡು ಕವಚದ ಹಿಂಬದಿಯನ್ನು ಅಪ್ಪಿ ಹಿಡಿಯುವ ಟಾಗಲ್ ಬೋಲ್ಟು, ಅಥವಾ ಜಾಲರಿಯ ಕೊಳವೆಯೊಳಗೆ ತುಂಬುವ ಕೆಮಿಕಲ್ ಆಂಕರು. ಎರಡೂ ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ತಂತ್ರಜ್ಞನ ಚೀಲದಲ್ಲಿ ಇರುವ ಸಂಭವ ಕಡಿಮೆ. ನೀವೇ ಮೊದಲೇ ತಂದಿಟ್ಟುಕೊಂಡಿರಬೇಕು.

ಎಎಸಿ ಬ್ಲಾಕನ್ನು 1920ರ ದಶಕದಲ್ಲಿ ಸ್ವೀಡನ್ನಿನ ವಾಸ್ತುಶಿಲ್ಪಿ ಯೋಹಾನ್ ಆಕ್ಸೆಲ್ ಎರಿಕ್ಸನ್ ರೂಪಿಸಿದ. ಸುಣ್ಣ, ಸಿಮೆಂಟು, ನುಣ್ಣನೆಯ ಮರಳು ಅಥವಾ ಹಾರುಬೂದಿಯ ಹಿಟ್ಟಿಗೆ ಅಲ್ಯೂಮಿನಿಯಂ ಪುಡಿ ಬೆರೆಸಿದರೆ ಅದು ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ. ಉಬ್ಬಿದ್ದನ್ನು ಕತ್ತರಿಸಿ ಅಧಿಕ ಒತ್ತಡದ ಹಬೆಯಲ್ಲಿ ಬೇಯಿಸಿದರೆ ಬ್ಲಾಕು ಸಿದ್ಧ. ಇಡ್ಲಿಯ ಹೋಲಿಕೆ ತಮಾಷೆಗಲ್ಲ, ಒಳಗಿನ ರಚನೆಯೂ ಹಾಗೆಯೇ ಗುಳ್ಳೆಮಯ. ಒಂದು ಘನ ಮೀಟರ್ ಸುಟ್ಟ ಇಟ್ಟಿಗೆ 1,800 ಕಿಲೋಗ್ರಾಂ ಆಸುಪಾಸು ತೂಗಿದರೆ ಇದು 550ರಿಂದ 650 ಕಿಲೋಗ್ರಾಂ ಮಾತ್ರ. ಉಷ್ಣವಿದ್ಯುತ್ ಸ್ಥಾವರಗಳ ಸುತ್ತಲಿನ ಪ್ರದೇಶದಲ್ಲಿ ಇಟ್ಟಿಗೆ, ಬ್ಲಾಕುಗಳಿಗೆ ಹಾರುಬೂದಿ ಬಳಸಬೇಕೆಂದು ಕೇಂದ್ರ ಪರಿಸರ ಸಚಿವಾಲಯ 1999ರಲ್ಲಿ ಅಧಿಸೂಚನೆ ಹೊರಡಿಸಿತು. ಮಹಡಿ ಮೇಲೆ ಮಹಡಿ ಏರಿಸುವವರಿಗೆ ಗೋಡೆಯ ಭಾರ ಕಡಿಮೆಯಾದಷ್ಟೂ ಅಡಿಪಾಯದ ಖರ್ಚು ಕಡಿಮೆ. ಹೀಗೆ ಎಎಸಿ ನಗರದ ಗೋಡೆಯಾಯಿತು. ಒಳಗೆ ಶಾಖ ತಡೆಯುವುದರಲ್ಲಿ ಅದು ಇಟ್ಟಿಗೆಗಿಂತ ಮೇಲು. ಟಿ.ವಿ.ಗೆ ಮಾತ್ರ ಅದರ ಮೃದುತ್ವವೇ ತೊಡಕು.

ಎಎಸಿ ಗೋಡೆಯಲ್ಲಿ ಡ್ರಿಲ್ ಯಂತ್ರದ ಬಡಿಯುವ ಗುಂಡಿಯನ್ನು ಆರಿಸಿಟ್ಟು, ಬರಿದೇ ತಿರುಗುವಂತೆ ಮಾಡಿಯೇ ಕೊರೆಯಬೇಕು. ಬಡಿದರೆ ಗುಳ್ಳೆಗಳ ಗೋಡೆಗಳೆಲ್ಲ ಪುಡಿಯಾಗಿ 8 ಮಿಲಿಮೀಟರ್ ರಂಧ್ರ 10 ಆಗಿರುತ್ತದೆ. ಹಾಗೆ ಅಗಲವಾದ ರಂಧ್ರಕ್ಕೆ ಬೆಂಕಿಕಡ್ಡಿಗಳನ್ನು ತುರುಕಿ ಸ್ಕ್ರೂ ಬಿಗಿಯುವ ‘ಉಪಾಯ’ವನ್ನು ಬಹಳ ಜನ ನೋಡಿರಬಹುದು. ಕ್ಯಾಲೆಂಡರಿನ ಮೊಳೆಗೆ ಅದು ನಡೆಯುತ್ತದೆ. 15 ಕಿಲೋಗ್ರಾಂ ಗಾಜು ಮತ್ತು ವಿದ್ಯುನ್ಮಾನದ ಕೆಳಗೆ ಮಗುವೊಂದು ಆಡುತ್ತಿರುವಾಗ ನಡೆಯುವುದಿಲ್ಲ. ಎಎಸಿಗೆಂದೇ ಮಾಡಿದ, ದಪ್ಪ ಸುರುಳಿ ಎಳೆಗಳುಳ್ಳ ಉದ್ದನೆಯ ನೈಲಾನ್ ಆಂಕರುಗಳಿವೆ. ಕೆಮಿಕಲ್ ಆಂಕರ್ ಕೂಡ ಗುಳ್ಳೆಗಳೊಳಗೆ ಇಳಿದು ಚೆನ್ನಾಗಿ ಕಚ್ಚುತ್ತದೆ. ದೊಡ್ಡ ಪರದೆಯಾದರೆ, ಆಚೆ ಕೋಣೆಯವರ ಒಪ್ಪಿಗೆ ಇದ್ದರೆ, ಬೋಲ್ಟನ್ನು ಗೋಡೆಯ ಆಚೆಗೇ ತೂರಿಸಿ ಹಿಂಬದಿಯಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು ನಟ್ಟು ಬಿಗಿಯುವುದು ಎಲ್ಲಕ್ಕಿಂತ ಭದ್ರ. ಚೆಲುವಿಗೆ ಅಷ್ಟು ಒಳ್ಳೆಯದಲ್ಲ.

ಒಳಾಂಗಣ ವಿನ್ಯಾಸದವರು ಮಾಡಿಕೊಡುವ ಮರದ ಫಲಕದ ‘ಟಿ.ವಿ. ಯೂನಿಟ್’ ಇದ್ದರೆ ಇನ್ನೊಂದು ಎಚ್ಚರಿಕೆ. ಆ ಫಲಕ ಗೋಡೆಗೆ ಅಂಟಿಕೊಂಡಿರುವುದು ನಾಲ್ಕಾರು ಮೊಳೆಗಳಿಂದಲೋ ಬರೀ ಗೋಂದಿನಿಂದಲೋ ಆಗಿರಬಹುದು. ಅದರ ಮೈಗೆ ಮಾತ್ರ ಬ್ರಾಕೆಟ್ ಬಿಗಿದರೆ ಟಿ.ವಿ. ಫಲಕದ ಸಮೇತ ಕೆಳಗೆ ಬರುತ್ತದೆ. ಸ್ಕ್ರೂ ಫಲಕವನ್ನು ದಾಟಿ ಗೋಡೆಯೊಳಗೆ ಇಳಿಯಲೇಬೇಕು.

ತಿರುಗುವ ತೋಳಿನ ಲೆಕ್ಕಾಚಾರ

ಗೋಡೆಗೆ ಅಂಟಿದಂತಿರುವ ಸ್ಥಿರ ಬ್ರಾಕೆಟ್, ತುಸು ಬಾಗುವ ಬ್ರಾಕೆಟ್, ಮುಂದಕ್ಕೆ ಎಳೆದು ಎತ್ತ ಬೇಕೋ ಅತ್ತ ತಿರುಗಿಸಬಲ್ಲ ತೋಳಿನ ಬ್ರಾಕೆಟ್ ಎಂದು ಮೂರು ಬಗೆ. ಊಟದ ಮೇಜಿಗೂ ಕಾಣಲಿ, ಸೋಫಾಕ್ಕೂ ಕಾಣಲಿ ಎಂದು ಮೂರನೆಯದನ್ನು ಆಸೆಯಿಂದ ಕೊಳ್ಳುವವರು ಹೆಚ್ಚು. ಕೊಳ್ಳುವ ಮೊದಲು ಒಂದು ಸರಳ ಲೆಕ್ಕವನ್ನು ಗಮನಿಸಬೇಕು.

15 ಕಿಲೋಗ್ರಾಂ ಟಿ.ವಿ.ಯೊಂದು ಸ್ಥಿರ ಬ್ರಾಕೆಟ್ಟಿನಲ್ಲಿ ಗೋಡೆಯಿಂದ 5 ಸೆಂಟಿಮೀಟರ್ ದೂರದಲ್ಲಿದೆ, ಗೋಡೆಯ ಮೇಲಿನ ತಗಡಿನ ಮೇಲಿನ ಹಾಗೂ ಕೆಳಗಿನ ಬೋಲ್ಟುಗಳ ನಡುವೆ 20 ಸೆಂಟಿಮೀಟರ್ ಅಂತರವಿದೆ ಎನ್ನೋಣ. ಆಗ ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಹೊರಗೆಳೆಯುವ ಬಲ 15ನ್ನು 5ರಿಂದ ಗುಣಿಸಿ 20ರಿಂದ ಭಾಗಿಸಿದಷ್ಟು, ಅಂದರೆ ನಾಲ್ಕು ಕಿಲೋಗ್ರಾಂಗೂ ಕಡಿಮೆ. ಅದೇ ಟಿ.ವಿ.ಯನ್ನು ತೋಳು ಚಾಚಿ 40 ಸೆಂಟಿಮೀಟರ್ ಮುಂದಕ್ಕೆ ತಂದರೆ ಆ ಬಲ 30 ಕಿಲೋಗ್ರಾಂ ಆಗುತ್ತದೆ. ಟಿ.ವಿ.ಯ ತೂಕ ಒಂದು ಗ್ರಾಂ ಹೆಚ್ಚಿಲ್ಲ. ಗೋಡೆಯ ಮೇಲಿನ ಎಳೆತ ಎಂಟು ಪಟ್ಟು. ಚಾಚಿದ ತೋಳಿಗೆ 20 ಕಿಲೋಗ್ರಾಂ ತೂಕದ ಮಗುವೊಂದು ಜೋತುಬಿದ್ದರೆ 70 ಕಿಲೋಗ್ರಾಂ. ಇಟ್ಟಿಗೆ ಮತ್ತು ಕಾಂಕ್ರೀಟು ಇದನ್ನು ತಾಳಿಯಾವು. ಟೊಳ್ಳು ಬ್ಲಾಕಿನ ಮೇಲೆ ಅಥವಾ ಎಎಸಿಯ ಮೇಲೆ ಸಾಮಾನ್ಯ ಪ್ಲಗ್ಗಿನಿಂದ ಇದನ್ನು ನಿರೀಕ್ಷಿಸುವುದು ದುಡುಕು. ಇಂತಹ ಗೋಡೆಯಿದ್ದವರು ಸ್ಥಿರ ಅಥವಾ ಬಾಗುವ ಬ್ರಾಕೆಟ್ಟಿಗೆ ತೃಪ್ತರಾಗುವುದು ವಿವೇಕ ಎಂದು ಈ ಲೇಖಕನ ಅಭಿಪ್ರಾಯ.

ಟಿ.ವಿ.ಯ ಬೆನ್ನಿನ ನಾಲ್ಕು ಸ್ಕ್ರೂ ರಂಧ್ರಗಳ ಅಂತರಕ್ಕೆ ‘ವೆಸಾ’ ಎಂಬ ಅಂತರರಾಷ್ಟ್ರೀಯ ಅಳತೆಯಿದೆ. 200×200, 400×400 ಎಂದು ಮಿಲಿಮೀಟರ್‌ಗಳಲ್ಲಿ ಹೇಳುತ್ತಾರೆ. ಬ್ರಾಕೆಟ್ಟಿನ ಪೆಟ್ಟಿಗೆಯ ಮೇಲೂ ಇದೇ ಅಂಕೆ ಇರಬೇಕು. ಸ್ಕ್ರೂಗಳು ಎಂ6 ಅಥವಾ ಎಂ8 ಆಗಿರುತ್ತವೆ. ಅವುಗಳ ಉದ್ದವನ್ನು ಕೈಪಿಡಿಯಲ್ಲಿ ನೋಡಿಯೇ ಹಾಕಬೇಕು. ಉದ್ದ ಹೆಚ್ಚಾದರೆ ಒಳಗಿನ ಪರದೆಗೆ ಚುಚ್ಚುತ್ತದೆ, ಕಡಿಮೆಯಾದರೆ ಒಂದೆರಡು ಸುತ್ತಿನ ಮೇಲೆ ಇಡೀ ಟಿ.ವಿ. ನಿಂತಿರುತ್ತದೆ.

ಕಾಣದ ತಂತಿ, ಕಾಣದ ಕೊಳವೆ

ನಮ್ಮ ಮನೆಗಳಲ್ಲಿ ವೈರಿಂಗ್ ಗೋಡೆಯೊಳಗೆ ಹುದುಗಿದೆ. ಸ್ವಿಚ್‌ಬೋರ್ಡಿನಿಂದ ಕೊಳವೆ ಸಾಮಾನ್ಯವಾಗಿ ನೇರ ಮೇಲಕ್ಕೆ ತಾರಸಿಯವರೆಗೆ ಹೋಗುತ್ತದೆ. ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಅಡ್ಡವಾಗಿಯೂ ಹೋಗಿರಬಹುದು. ಆದ್ದರಿಂದ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಎರಡು ಬೋರ್ಡುಗಳ ನಡುವಿನ ಗೆರೆಯ ಮೇಲೆ ಕೊರೆಯಬಾರದು. ಆ ಕೋಣೆಯ ಎಂಸಿಬಿಯನ್ನು ಇಳಿಸಿ, ಡ್ರಿಲ್ ಯಂತ್ರಕ್ಕೆ ಬೇರೆ ಕೋಣೆಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದುಕೊಳ್ಳುವುದು ಐದು ನಿಮಿಷದ ಕೆಲಸ. ಗೋಡೆಯ ಆಚೆ ಬಚ್ಚಲುಮನೆ ಇದ್ದರೆ ಮೊದಲು ಅಲ್ಲಿ ಹೋಗಿ ನಲ್ಲಿಗಳು ಎಲ್ಲಿವೆ ಎಂದು ಅಳೆದುಕೊಳ್ಳಬೇಕು. ಬಚ್ಚಲಿನ ಗೋಡೆಯಲ್ಲಿ ತೇವ ಒಸರುತ್ತಿದ್ದರಂತೂ ಆ ಗೋಡೆಯ ಆಸೆಯನ್ನೇ ಬಿಡುವುದು ಒಳ್ಳೆಯದು. ತೇವ ಗಿಲಾವನ್ನು ಮೆತ್ತಗೆ ಮಾಡುತ್ತದೆ, ಬೋಲ್ಟಿಗೆ ತುಕ್ಕು ಹಿಡಿಸುತ್ತದೆ.

ತಂತಿಗಳು ಕಾಣಬಾರದೆಂದು ಟಿ.ವಿ.ಯ ವಿದ್ಯುತ್ ಕೇಬಲ್ಲನ್ನೇ ಗೋಡೆ ಕಡಿದು ಹುದುಗಿಸಿ ಗಾರೆ ಮೆತ್ತುವವರಿದ್ದಾರೆ. ಆ ಕೇಬಲ್ ಗೋಡೆಯೊಳಗೆ ಇರಲು ಮಾಡಿದ್ದಲ್ಲ. ಟಿ.ವಿ.ಯ ಹಿಂದೆಯೇ ಒಂದು ಸಾಕೆಟ್ ಹಾಕಿಸಿ, ಎಚ್‌ಡಿಎಂಐ ಮತ್ತಿತರ ತಂತಿಗಳಿಗೆ ಅಗಲವಾದ ಪಿವಿಸಿ ಕೊಳವೆಯನ್ನು ಹುದುಗಿಸಿದರೆ ಮುಂದೆ ಹೊಸ ತಂತಿ ಬೇಕಾದಾಗ ಗೋಡೆ ಒಡೆಯಬೇಕಿಲ್ಲ. ಗೋಡೆ ಕಡಿಯಲು ಆಗದವರಿಗೆ ಮೇಲ್ಮೈಯ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿಯಿದೆ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಗೆ ಮೊದಲು ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡುವ ಅಭ್ಯಾಸವಿದ್ದವರು ಸಾಕೆಟ್ಟಿಗೆ ಕೈ ಎಟುಕುವಂತೆ ನೋಡಿಕೊಳ್ಳಬೇಕು. ಸ್ಥಿರ ಬ್ರಾಕೆಟ್ಟಿನ ಹಿಂದೆ ಅಂಗೈ ತೂರುವಷ್ಟೂ ಜಾಗವಿರುವುದಿಲ್ಲ.

ಎಷ್ಟು ಎತ್ತರದಲ್ಲಿ?

ಈ ಪ್ರಶ್ನೆಗೆ ನಮ್ಮ ಮನೆಗಳು ಕೊಡುವ ಉತ್ತರ ಸಾಮಾನ್ಯವಾಗಿ ತಪ್ಪು. ದೇವರ ಪಟದಂತೆ ತಲೆಯೆತ್ತಿ ನೋಡುವ ಎತ್ತರಕ್ಕೆ ಹಾಕಿಸುತ್ತೇವೆ. ಸೋಫಾದಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 100ರಿಂದ 110 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಪರದೆಯ ನಡುಭಾಗ ಅಲ್ಲಿಗೆ ಬಂದರೆ ಕತ್ತಿಗೆ ನೋವಿಲ್ಲ. 43 ಅಂಗುಲದ ಪರದೆಯ ಎತ್ತರ ಸುಮಾರು 54 ಸೆಂಟಿಮೀಟರ್. ಅಂದರೆ ಅದರ ಕೆಳ ಅಂಚು ನೆಲದಿಂದ ಎರಡೂವರೆ ಅಡಿಯಲ್ಲಿರಬೇಕು. ಮನೆಯಲ್ಲಿ ಚಾಪೆಯ ಮೇಲೆ ಕುಳಿತು ನೋಡುವವರೇ ಹೆಚ್ಚಾದರೆ ಇನ್ನೂ ತಗ್ಗಿಸಬಹುದು. ಪುಟ್ಟ ಮಕ್ಕಳ ಕೈಗೆ ಸಿಗಬಾರದೆಂದು ಮೇಲಕ್ಕೆ ಏರಿಸುವುದಾದರೆ ಕೆಳಕ್ಕೆ ಬಾಗುವ ಬ್ರಾಕೆಟ್ ಹಾಕಿಸಿ. ಬೆನ್ನಿನ ವೆಸಾ ರಂಧ್ರಗಳು ಬಹಳಷ್ಟು ಮಾದರಿಗಳಲ್ಲಿ ಪರದೆಯ ನಟ್ಟನಡುವೆ ಇರುವುದಿಲ್ಲ. ಅದನ್ನು ಅಳೆಯದೆ ಗೋಡೆಗೆ ಗುರುತು ಹಾಕಿದರೆ ನಾಲ್ಕು ಅಂಗುಲ ಹೆಚ್ಚುಕಡಿಮೆಯಾಗುತ್ತದೆ. ಬ್ರಾಕೆಟ್ಟಿನ ಮೇಲೆ ರಸಮಟ್ಟ ಇಟ್ಟು ನೋಡುವುದನ್ನು ಹೇಳಬೇಕಾಗಿಲ್ಲ.

ಮಕ್ಕಳ ಮಾತು ಬಂದದ್ದರಿಂದ ಒಂದು ವಿಷಯ. ಮೇಜಿನ ಮೇಲೆ ಹಾಗೇ ನಿಲ್ಲಿಸಿದ ತೆಳು ಟಿ.ವಿ. ನಿರಪಾಯಕಾರಿ ಎಂದಲ್ಲ. ಹಳೆಯ ಪೆಟ್ಟಿಗೆ ತನ್ನ ಭಾರದಿಂದಲೇ ನಿಲ್ಲುತ್ತಿತ್ತು. ಇಂದಿನದು ಎರಡು ಸಣ್ಣ ಕಾಲುಗಳ ಮೇಲೆ ನಿಂತಿದೆ, ಮಗು ಹಿಡಿದೆಳೆದರೆ ಮುಂದಕ್ಕೆ ಬೀಳುತ್ತದೆ. ಟಿ.ವಿ. ಮತ್ತು ಪೀಠೋಪಕರಣಗಳು ಮಕ್ಕಳ ಮೇಲೆ ಮಗುಚದಂತೆ ಗೋಡೆಗೆ ಕಟ್ಟಿರಿ ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2015ರಿಂದ ಪ್ರಚಾರಾಂದೋಲನವನ್ನೇ ನಡೆಸಿದೆ. ಸರಿಯಾಗಿ ಗೋಡೆಗೆ ಬಿಗಿದ ಟಿ.ವಿ. ಮೇಜಿನ ಮೇಲಿನದಕ್ಕಿಂತ ಸುರಕ್ಷಿತ. ಮೇಜಿನ ಮೇಲೆಯೇ ಇಡುವವರು ಬೆನ್ನಿನ ರಂಧ್ರಗಳಿಗೆ ಪಟ್ಟಿ ಕಟ್ಟಿ ಗೋಡೆಗೆ ಬಿಗಿಯಬಹುದು.

ಅಕ್ಕಿ ಮೂಟೆಯ ಪರೀಕ್ಷೆ

ಬ್ರಾಕೆಟ್ ಗೋಡೆಗೆ ಕುಳಿತ ಮೇಲೆ, ಟಿ.ವಿ. ಏರಿಸುವ ಮೊದಲು ತಂತ್ರಜ್ಞನನ್ನು ಹತ್ತು ನಿಮಿಷ ತಡೆಯಿರಿ. ರಂಧ್ರದ ಪುಡಿಯನ್ನು ಊದಿ ತೆಗೆದು ಪ್ಲಗ್ ಹಾಕಿದ್ದಾನೆಯೇ ಎಂದು ಕೊರೆಯುವಾಗಲೇ ನೋಡಿರುತ್ತೀರಿ. ಪುಡಿ ಉಳಿದರೆ ಪ್ಲಗ್ ಗೋಡೆಯನ್ನಲ್ಲ, ಪುಡಿಯನ್ನು ಹಿಡಿದಿರುತ್ತದೆ. ಈಗ ಬ್ರಾಕೆಟ್ಟಿನ ಮೇಲಂಚನ್ನು ಎರಡೂ ಕೈಯಿಂದ ಹಿಡಿದು ನಿಮ್ಮ ಕಡೆಗೆ ಬಲವಾಗಿ ಎಳೆಯಿರಿ. ಕೂದಲೆಳೆಯಷ್ಟು ಅಲುಗಿದರೂ ಆ ರಂಧ್ರ ಕೆಲಸಕ್ಕೆ ಬಾರದು. ಬಳಿಕ ಮನೆಯಲ್ಲಿರುವ 25 ಕಿಲೋಗ್ರಾಂ ಅಕ್ಕಿ ಮೂಟೆಯನ್ನು ಹಗ್ಗದಿಂದ ಬ್ರಾಕೆಟ್ಟಿಗೆ ತೂಗುಬಿಡಿ. 10 ಕಿಲೋಗ್ರಾಂ ಟಿ.ವಿ.ಗೆ ಇದು ಎರಡೂವರೆ ಪಟ್ಟು ಭಾರ. ತೋಳಿನ ಬ್ರಾಕೆಟ್ಟಾದರೆ ಅದರ ಮೇಲೆ ಬರೆದ ಮಿತಿ ಮೀರದಂತೆ, ತೋಳನ್ನು ಪೂರ್ತಿ ಚಾಚಿ ತುದಿಗೆ ತೂಗುಬಿಡಬೇಕು. ಮೂಟೆ ನೆಲಕ್ಕೆ ಒಂದಡಿ ಮೇಲಿದ್ದರೆ ಸಾಕು. ಕೆಳಗೆ ಹಾಸಿಗೆ ಹಾಕಿಡಿ. ತಂತ್ರಜ್ಞ ನಗಬಹುದು, ನಗಲಿ.

ಬಹುತೇಕ ವಾರಂಟಿ ಪತ್ರಗಳು ಭೌತಿಕ ಹಾನಿಯನ್ನು ಹೊರಗಿಡುತ್ತವೆ. ಬಿದ್ದು ಒಡೆದ ಪರದೆಗೆ ‘ಗೋಡೆ ಸರಿಯಿಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಆದರೆ ಹಣ ಪಡೆದು ಮಾಡಿದ ಅಳವಡಿಕೆಯೂ ಒಂದು ಸೇವೆಯೇ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ವಿರುದ್ಧ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ನೆರವಿಗೆ ಬರುವುದು ಕಾಗದಪತ್ರ. ಅಳವಡಿಕೆಗೆ ಪ್ರತ್ಯೇಕ ರಸೀದಿ ಕೇಳಿ ಪಡೆಯಿರಿ. ಗೋಡೆ ಯಾವುದು, ಯಾವ ಪ್ಲಗ್ ಹಾಕಲಾಯಿತು ಎಂಬುದನ್ನು ತಂತ್ರಜ್ಞನ ಕೆಲಸದ ಚೀಟಿಯಲ್ಲಿ ಬರೆಸಿ. ಟಿ.ವಿ. ಏರುವ ಮೊದಲು ಬ್ರಾಕೆಟ್ಟಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಬಾಡಿಗೆ ಮನೆಯವರು ಡ್ರಿಲ್ ಮಾಡುವ ಮೊದಲು ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ, ಕನಿಷ್ಠ ಫೋನಿನ ಸಂದೇಶದಲ್ಲಾದರೂ ಪಡೆಯುವುದು ಲೇಸು. ಮನೆ ಬಿಡುವಾಗ ಅಡ್ವಾನ್ಸ್ ಹಣದಲ್ಲಿ ಕಡಿತವಾಗುವ ಬಾಬತ್ತುಗಳಲ್ಲಿ ಗೋಡೆಯ ತೂತಿಗೆ ಪ್ರಮುಖ ಸ್ಥಾನವಿದೆ. ಪ್ಲಗ್ಗನ್ನು ಕಿತ್ತು ರಂಧ್ರಕ್ಕೆ ನೀರು ಚಿಮುಕಿಸಿ ಬಿಳಿ ಸಿಮೆಂಟ್ ಅಥವಾ ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದ ಹಾಕಿ ಉಜ್ಜಿ ಬಣ್ಣ ಬಳಿದರೆ ಗುರುತು ಉಳಿಯುವುದಿಲ್ಲ. ಅದೇ ರಂಧ್ರಕ್ಕೆ ಮುಂದೆ ಬರುವ ಬಾಡಿಗೆದಾರರು ಮತ್ತೆ ಪ್ಲಗ್ ಹೊಡೆಯಬಾರದು. ತುಂಬಿದ ಪುಟ್ಟಿ ಭಾರ ಹೊರುವುದಿಲ್ಲ. ಹೊಸ ರಂಧ್ರ ಹಳೆಯದರಿಂದ ಕನಿಷ್ಠ ಎರಡು ಮೂರು ಅಂಗುಲ ದೂರವಿರಬೇಕು.

ಸ್ವಂತ ಮನೆಯವರು ವರ್ಷಕ್ಕೊಮ್ಮೆ, ಹಬ್ಬದ ಮುನ್ನ ಧೂಳು ಹೊಡೆಯುವಾಗ, ಬ್ರಾಕೆಟ್ಟಿನ ಮೇಲಂಚು ಗೋಡೆಯಿಂದ ಬಿಟ್ಟುಕೊಂಡಿದೆಯೇ, ಬೋಲ್ಟಿನ ಸುತ್ತ ಕೂದಲೆಳೆಯ ಬಿರುಕು ಕಾಣುತ್ತಿದೆಯೇ, ಟಿ.ವಿ.ಯ ಕೆಳಗಿನ ನೆಲದ ಮೇಲೆ ಪುಡಿ ಉದುರಿದೆಯೇ ಎಂದು ನೋಡಬೇಕು. ಟಿ.ವಿ. ಬೀಳುವ ಮುನ್ನ ಗೋಡೆ ಬಹಳ ಸಲ ವಾರಗಟ್ಟಲೆ ಮೊದಲೇ ಹೀಗೆ ಸೂಚನೆ ಕೊಡುತ್ತದೆ. ಪುಡಿ ಕಂಡ ದಿನವೇ ಟಿ.ವಿ.ಯನ್ನು ಕೆಳಗಿಳಿಸಿ ನೆಲದ ಮೇಲಿಡಿ. ಬ್ರಾಕೆಟ್ ಬಿಗಿಯುವ ಕೆಲಸ ಆಮೇಲೆ.